ಕಿತ್ತಳೆ ಕೋಟಿನ ಬೆನ್ನು

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡದೆ ಒಳಗೆ ತರುವುದಿಲ್ಲ. ಗ್ಯಾಸ್ ಸಿಲಿಂಡರ್ ತಂದವನು ತೂಕ ತೋರಿಸದೆ ನಮ್ಮ ಗೇಟು ದಾಟುವಂತಿಲ್ಲ. ಯಲಹಂಕದ ಮೀನಂಗಡಿಯವನಂತೂ ನಾನು ಬರುವುದು ಕಂಡರೆ ಸಾಕು, ತಾನೇ ಮೀನಿನ ಕಿವಿರು ಎತ್ತಿ ತೋರಿಸಿಬಿಡುತ್ತಾನೆ. “ನೋಡ್ಕೊಳ್ಳಿ ಮೇಡಂ, ಕೆಂಪಗಿದೆ. ಆಮೇಲೆ ನನ್ ಮೇಲೆ ರೇಗ್ಬೇಡಿ.” ಆದರೂ ಬೆರಳು ಹಾಕಿ ಒತ್ತಿ ನೋಡುತ್ತೇನೆ. ಕಿವಿರಿಗೆ ಬಣ್ಣ ಹಚ್ಚುವ ಪುಣ್ಯಾತ್ಮರೂ ಇದ್ದಾರೆ, ನನಗೆ ಗೊತ್ತಿಲ್ಲವೇ?

ಇಂಥ ಸ್ವಭಾವಕ್ಕೆ ಸಂಬಳ ಕೊಡುವ ಕೆಲಸವೊಂದು ಪ್ರಪಂಚದಲ್ಲಿದೆ ಎಂದು ತಿಳಿದದ್ದು ನಲವತ್ತು ದಾಟಿದ ಮೇಲೆ. ಹೆಬ್ಬಾಳದ ಫ್ಲೈಓವರಿನಿಂದ ಸ್ವಲ್ಪ ಒಳಗೆ, ಟೈಲ್ಸ್ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ನಮ್ಮ ಆಫೀಸು. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಸದ್ದಿಲ್ಲದ ವಿಡಿಯೊ ನೋಡುತ್ತ ಕೂರುವುದು ಕೆಲಸ. ಸಂದರ್ಶನದಲ್ಲಿ ಒಂದು ಫೋಟೊ ತೋರಿಸಿ ಇದೇನು ಎಂದು ಕೇಳಿದ್ದರು. ಬೇರೆಯವರೆಲ್ಲ ಮೀನು ಅಂದರಂತೆ. ನಾನು, “ಮೀನೇ, ಆದರೆ ನಿನ್ನೆ ಮೊನ್ನೇದು, ಕಣ್ಣು ಒಳಗೆ ಹೋಗಿದೆ” ಅಂದೆ. ಮತ್ತಿಕೆರೆಯಲ್ಲಿ ಓದಿದ ಬಿ.ಎಸ್ಸಿ. ಇಪ್ಪತ್ತು ವರ್ಷ ತಡವಾಗಿ ಅನ್ನ ಕೊಟ್ಟಿತು ಎಂದು ಮನೆಯಲ್ಲಿ ತಮಾಷೆ ಮಾಡಿದರು. ಅನ್ನ ಕೊಟ್ಟದ್ದು ಬಿ.ಎಸ್ಸಿ. ಅಲ್ಲ, ಅಪ್ಪನ ಕೆರೆ. ನಾವು ಬೆಸ್ತರು.

ವಿಡಿಯೊದಲ್ಲಿರುವುದು ಹಡಗು. ದಕ್ಷಿಣ ಧ್ರುವದ ಹಿಮಕ್ಕೆ ಸ್ವಲ್ಪ ಈಚೆ, ಮರವಿಲ್ಲದ, ಊರಿಲ್ಲದ ಒಂದಷ್ಟು ದ್ವೀಪಗಳಿವೆಯಂತೆ. ಪೆಂಗ್ವಿನ್ನು, ಸೀಲು, ಗಾಳಿ, ಇಷ್ಟೇ ಅಲ್ಲಿನ ನಿವಾಸಿಗಳು. ಅದರ ಸುತ್ತಲ ಆಳದಲ್ಲಿ ದೊಡ್ಡ ಬಾಯಿಯ, ದಪ್ಪ ತುಟಿಯ ಒಂದು ಮೀನಿದೆ. ಆಫೀಸಿನಲ್ಲಿ ನಾವು ಅದಕ್ಕೆ ಹಲ್ಲುಮೀನು ಅನ್ನುತ್ತೇವೆ. ಹೊರದೇಶದ ದೊಡ್ಡ ಹೋಟೆಲುಗಳಲ್ಲಿ ಅದಕ್ಕೆ ಬಲು ಬೇಡಿಕೆ. ಸಾವಿರಾರು ಕೊಕ್ಕೆ ಕಟ್ಟಿದ ಹಗ್ಗವನ್ನು ಆಳಕ್ಕೆ ಬಿಟ್ಟು, ಮಾರನೇ ದಿನ ಎತ್ತುತ್ತಾರೆ. ಹಿಂದೆ ಯಾರು ಬೇಕಾದರೂ ಹೋಗಿ ದೋಚಿಕೊಂಡು ಬರುತ್ತಿದ್ದರಂತೆ. ಈಗ ಹಾಗಿಲ್ಲ. ಲೈಸೆನ್ಸ್ ಇರುವ ಕೆಲವೇ ಹಡಗು, ಇಷ್ಟೇ ಮೀನು ಎಂಬ ಮಿತಿ, ಆಲ್ಬಟ್ರಾಸ್ ಎಂಬ ದೊಡ್ಡ ಹಕ್ಕಿ ಕೊಕ್ಕೆಗೆ ಸಿಕ್ಕಿ ಸಾಯದಂತೆ ನೂರೆಂಟು ನಿಯಮ. ನಿಯಮ ನಡೆಯುತ್ತಿದೆಯೇ ಎಂದು ನೋಡಲು ಹಡಗಿನಲ್ಲಿ ಕ್ಯಾಮರಾ. ಕ್ಯಾಮರಾ ಕಂಡದ್ದನ್ನು ನೋಡಲು ನಾವು.

ಹಡಗಿನ ಒಂದು ಪಕ್ಕದಲ್ಲಿ, ನೀರಿಗೆ ಹತ್ತಿರವಾಗಿ, ಬಾಗಿಲಿನಷ್ಟು ಅಗಲದ ಕಂಡಿ ಇದೆ. ಹಗ್ಗ ಅಲ್ಲಿಂದ ಮೇಲೆ ಬರುತ್ತದೆ. ಅಲ್ಲಿ ನಿಂತ ಒಬ್ಬನು ಬಂದ ಮೀನನ್ನು ಉದ್ದ ಕೋಲಿನಿಂದ ಒಳಗೆಳೆಯುತ್ತಾನೆ. ನಮ್ಮ ಕ್ಯಾಮರಾ ಅವನ ಹಿಂದೆ, ಮೇಲುಗಡೆ, ಕ್ಯಾಪ್ಟನ್ ಕೂರುವ ಕೋಣೆಯ ಕಿಟಕಿಗೆ ಸರಿಯಾಗಿ ಕೆಳಗಿದೆ. ಆದ್ದರಿಂದ ಕಂಡಿಯಲ್ಲಿ ನಿಂತವನು ಓರೆಯಾಗಿ ನಿಲ್ಲಬೇಕು, ಕೈಯಲ್ಲಿರುವುದು ಕಾಣಬೇಕು. ಸಮುದ್ರದ ಕಡೆಯಿಂದ ನೋಡುವ ಇನ್ನೊಂದು ಕ್ಯಾಮರಾ ಹೊರಗೆ ಚಾಚಿದ ಕಂಬದ ತುದಿಯಲ್ಲಿದೆ. ಅದರ ವಿಡಿಯೊ ನಮಗೆ ಬರುವುದಿಲ್ಲ, ದೂರು ಬಿದ್ದಾಗ ಮಾತ್ರ ತರಿಸುತ್ತಾರೆ.

ನನ್ನ ಪಾಲಿಗೆ ಬಂದ ಹಡಗಿನಲ್ಲಿ ಆ ಕಂಡಿಯಲ್ಲಿ ನಿಲ್ಲುತ್ತಿದ್ದವನು ಕಿತ್ತಳೆ ಬಣ್ಣದ ಮಳೆಕೋಟು ಹಾಕಿದ್ದ. ಮುಖ ಒಂದು ದಿನವೂ ಸರಿಯಾಗಿ ಕಂಡಿಲ್ಲ, ಟೋಪಿಯ ಒಳಗೆ ಹೂತುಹೋಗಿರುತ್ತಿತ್ತು. ದೇಶ ಯಾವುದೋ, ಭಾಷೆ ಯಾವುದೋ. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ದಿನಾ ಕೆಲಸ ಶುರುವಾಗುವ ಮುಂಚೆ ಏಣಿ ಹತ್ತಿ ಬಂದು ಕ್ಯಾಮರಾದ ಗಾಜನ್ನು ಬಟ್ಟೆಯಿಂದ ಒರೆಸುತ್ತಿದ್ದ. ಉಪ್ಪುನೀರಿನ ಕಲೆ ಹೋಗಿ ಚಿತ್ರ ಫಳಫಳ ಆಗುತ್ತಿತ್ತು. ಬೇರೆ ಹಡಗಿನಲ್ಲಿ ಯಾರೂ ಹೀಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಮೊದಲು ಅನುಮಾನ ಬಂದದ್ದೇ ಅದರಿಂದ.

ಪಕ್ಕದ ಸೀಟಿನವಳು ಆರ್.ಟಿ. ನಗರದ ಹುಡುಗಿ, ಮನೆಯಲ್ಲಿ ದಖ್ಖನಿ ಮಾತಾಡುವವಳು. ಅವಳಿಗೆ ನನ್ನ ಗೊಣಗಾಟ ಕೇಳಿ ಕೇಳಿ ಸಾಕಾಗಿತ್ತು.

“ಅರೆ ಅಕ್ಕಾ, ಗಾಜು ಒರ್ಸಿದ್ರೂ ತಪ್ಪಾ?”

“ಯಾಕ್ ಒರೆಸ್ತಾನೆ ಹೇಳು. ನಿಮ್ ರೋಡಲ್ಲಿ ಯಾರಾದ್ರೂ ಸಿಸಿಟಿವಿ ಒರೆಸಿದ್ದು ನೋಡಿದೀಯಾ?”

“ನಮ್ ರೋಡಲ್ಲಿ ಅದ್ರ ಮೇಲೆ ಪಾರಿವಾಳ ಕೂತಿರುತ್ತೆ. ಅದನ್ನೂ ಯಾರೂ ಓಡ್ಸಲ್ಲ.”

“ಅದಕ್ಕೇ ಹೇಳ್ದೆ. ಇವ್ನು ನಮ್ಮನ್ನ ಮಂಗ ಮಾಡ್ತಿದಾನೆ. ಒಳ್ಳೇವ್ನ ಥರ ಕಾಣ್ಬೇಕು ಅಂತ.”

ನಾನು ಕಾದು ಕೂತೆ. ಕಾದವಳಿಗೆ ಸಿಕ್ಕಿತು. ಒಂದು ದಿನ ಹಗ್ಗ ಬರುತ್ತ ಬರುತ್ತ ನಿಂತಿತು. ಕಿತ್ತಳೆ ಕೋಟಿನವನು ಪಕ್ಕದ ಯಂತ್ರದ ಹಿಡಿಕೆಯನ್ನು ಒತ್ತಿ ತಾನೇ ನಿಲ್ಲಿಸಿದ. ಆಮೇಲೆ ಪೂರ್ತಿ ತಿರುಗಿ, ಕ್ಯಾಮರಾಕ್ಕೆ ಬೆನ್ನು ಕೊಟ್ಟು, ಕಂಡಿಯ ಹೊರಗೆ ಬಾಗಿದ. ಮೊಣಕೈ ಎರಡೂ ಆಡುತ್ತಿದ್ದವು, ಏನನ್ನೋ ಎದೆಗೆ ಒತ್ತಿ ಹಿಡಿದಂತೆ. ಸುಮಾರು ಒಂದು ನಿಮಿಷ. ಮತ್ತೆ ಹಿಡಿಕೆ ಎತ್ತಿದ, ಹಗ್ಗ ಬರತೊಡಗಿತು, ಏನೂ ಆಗಿಲ್ಲವೆಂಬಂತೆ ಓರೆಯಾಗಿ ನಿಂತ. ಸತ್ತ ಹಕ್ಕಿ! ಕೊಕ್ಕೆಗೆ ಸಿಕ್ಕಿ ಸತ್ತ ಆಲ್ಬಟ್ರಾಸನ್ನು ಕ್ಯಾಮರಾಕ್ಕೆ ತೋರಿಸದೆ ನೀರಿಗೆ ಜಾರಿಸಿದ್ದಾನೆ, ಇನ್ನೇನು?

ಇಂಥ ಹೊತ್ತಿಗೆ ನಮ್ಮ ಪರದೆಯಲ್ಲಿ ಎರಡು ಚೌಕ ಇರುತ್ತವೆ: ಕ್ಯಾಮರಾಕ್ಕೆ ಅಡ್ಡ ಬಂದದ್ದು ‘ಅಕಸ್ಮಾತ್’, ಇಲ್ಲವೇ ‘ಬೇಕೆಂದೇ’. ಒಬ್ಬನ ಮೇಲೆ ‘ಬೇಕೆಂದೇ’ ಎಂದು ಮೂರು ಟಿಕ್ ಬಿದ್ದರೆ ಮುಂದಿನ ಬಂದರಿನಲ್ಲಿ ಅವನನ್ನು ಇಳಿಸುತ್ತಾರೆ. ವಿಚಾರಣೆ ಆಮೇಲೆ. ಇಳಿದವನನ್ನು ಲೈಸೆನ್ಸಿನ ಬೇರೆ ಹಡಗಿನವರೂ ಹತ್ತಿಸಿಕೊಳ್ಳುವುದಿಲ್ಲ. ಇದು ನನಗೆ ಕೆಲಸಕ್ಕೆ ಸೇರಿದ ವಾರವೇ ಹೇಳಿದ್ದರು. ಗೊತ್ತಿದ್ದೇ ಟಿಕ್ ಹಾಕಿದೆ. ನಾಲ್ಕು ದಿನದ ಮೇಲೆ ಅದೇ ಬೆನ್ನು, ಅದೇ ಮೊಣಕೈ. ಎರಡನೆಯ ಟಿಕ್ ಹಾಕಿದೆ.

ಅಷ್ಟು ಗಟ್ಟಿಯಾಗಿ ಹೇಗೆ ಹಾಕಿದೆ ಎಂದರೆ, ಆ ಬೆನ್ನನ್ನು ನಾನು ಮೊದಲೇ ನೋಡಿದ್ದೆ.

ಆಗ ನನಗೆ ಏಳೋ ಎಂಟೋ ವರ್ಷ. ನಮ್ಮೂರಿನ ಕೆರೆ ಕಾಂಟ್ರಾಕ್ಟರನ ಕೈಗೆ ಹೋಗಿತ್ತು. ಅಪ್ಪ ತೆಪ್ಪದಲ್ಲಿ ಹೋಗಿ ಬಲೆ ಎಳೆಯಬೇಕು, ಬಂದ ಮೀನನ್ನೆಲ್ಲ ಏರಿಯ ಮೇಲೆ ತಕ್ಕಡಿ ಇಟ್ಟುಕೊಂಡು ಕೂತ ಕಾಂಟ್ರಾಕ್ಟರನ ಆಳಿಗೆ ಸುರಿಯಬೇಕು. ನಾನು ಆ ಆಳಿನ ಪಕ್ಕ ಹೊಂಗೆ ಮರದ ನೆರಳಲ್ಲಿ ಕೂರುತ್ತಿದ್ದೆ, ಯಾಕೆಂದರೆ ಅವನ ಜೇಬಿನಲ್ಲಿ ಕಡಲೆಪುರಿ ಇರುತ್ತಿತ್ತು. ಅಲ್ಲಿಂದ ಅಪ್ಪ ಚೆನ್ನಾಗಿ ಕಾಣುತ್ತಿದ್ದ. ಬಲೆ ಎತ್ತುತ್ತ ಎತ್ತುತ್ತ ಒಮ್ಮೊಮ್ಮೆ ಅಪ್ಪ ನಮ್ಮ ಕಡೆಗೆ ಬೆನ್ನು ತಿರುಗಿಸಿ ತೆಪ್ಪದ ಆಚೆಗೆ ಬಾಗುತ್ತಿದ್ದ. ಮೊಣಕೈ ಆಡುತ್ತಿದ್ದವು. ಮನೆಯಲ್ಲಿ ಸಾರಿಗೆ ಮೀನು ಬರುತ್ತಿತ್ತು. ಎರಡಕ್ಕೂ ನಾನೇ ಗಂಟು ಹಾಕಿದ್ದೆ.

ಒಂದು ದಿನ ಆ ಆಳು ಕೇಳಿದ: “ನಿಮ್ಮಪ್ಪ ಯಾಕಮ್ಮಿ ಅಂಗೆ ಬಗ್ಗವ್ನೆ?”

“ಮೀನ್ ಬಚ್ಚಿಡ್ತಾವ್ನೆ,” ಅಂದೆ. ನನ್ನ ಕಣ್ಣು ಎಷ್ಟು ಚುರುಕು ನೋಡು ಎಂಬ ಜಂಬ.

ಅವನು ನಕ್ಕು ಇನ್ನೊಂದು ಹಿಡಿ ಕಡಲೆಪುರಿ ಕೊಟ್ಟ. ಮುಂದಿನ ವಾರದಿಂದ ಅಪ್ಪ ಕೆರೆಗೆ ಇಳಿಯುವ ಹಾಗಿಲ್ಲ ಎಂದಾಯಿತು. ಆಮೇಲೆ ಅಪ್ಪ ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊತ್ತ, ಭುಜ ಬಿದ್ದುಹೋಗುವವರೆಗೂ ಹೊತ್ತ. ಕೆರೆಯಿಂದ ಬಿಡಿಸಿದ್ದು ಯಾಕೆಂದು ಮನೆಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಒಳಗೊಳಗೇ ಒಂದು ಸಮಾಧಾನ ಇಟ್ಟುಕೊಂಡಿದ್ದೆ: ನಾನು ಸುಳ್ಳೇನೂ ಹೇಳಲಿಲ್ಲವಲ್ಲ. ಅಪ್ಪ ಮೀನು ಕದ್ದದ್ದು ನಿಜ, ನಾನು ಹೇಳಿದ್ದೂ ನಿಜ. ಇಷ್ಟು ವರ್ಷ ಅದನ್ನೇ ಹಿಡಿದುಕೊಂಡು ಬದುಕಿದ್ದೆ.

ಮೂರನೆಯ ಸಲ ಬೆನ್ನು ತಿರುಗಿದ್ದು ಒಂದು ಶನಿವಾರ. ಟಿಕ್ ಹಾಕಲು ಹೋದವಳ ಕೈಯನ್ನು ಪಕ್ಕದವಳು ಹಿಡಿದೇಬಿಟ್ಟಳು.

“ಅಕ್ಕಾ, ಇದು ಮೂರನೇದು. ಅವ್ನ್ ಕೆಲ್ಸ ಹೋಗುತ್ತೆ.”

“ಕಳ್ಳನ ಕೆಲ್ಸ ಹೋದ್ರೆ ನಿಂಗೇನು?”

“ಕಳ್ಳ ಅಂತ ಹೆಂಗ್ ಹೇಳ್ತೀರಿ? ಬೆನ್ ಬಿಟ್ರೆ ನೀವೇನ್ ನೋಡಿದೀರಿ? ಸೋಮ್ವಾರದ ತನಕ ಟೈಮಿದೆ. ನಿಧಾನಕ್ಕೆ ಹಾಕಿ.”

ಟಿಕ್ ಹಾಕದೆ ಎದ್ದು ಬಂದೆ. ಮಾರನೇ ದಿನ ಭಾನುವಾರ, ಅವರೆಕಾಯಿ ಕಾಲ. ಮನೆಯ ಮುಂದಿನ ಮೆಟ್ಟಿಲ ಮೇಲೆ ನಾನೂ ಅಪ್ಪನೂ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದೆವು. ಅಪ್ಪ ನನ್ನ ಜೊತೆಯೇ ಇರುವುದು. ಭುಜ ಹೋದರೂ ಬೆರಳು ಇನ್ನೂ ಚುರುಕು, ನಾನು ಒಂದು ಹಿತುಕುವುದರಲ್ಲಿ ಅವನದು ನಾಲ್ಕು. ನಾನು ಮೆಲ್ಲಗೆ ಕೇಳಿದೆ.

“ಅಪ್ಪ, ಒಂದ್ ಮೀನ್ ಬಚ್ಚಿಡೋಕೆ ಎಷ್ಟೊತ್ತು ಬೇಕು?”

“ಯಾಕವ್ವ, ಈ ವಯಸ್ನಾಗೆ ಕೆರೆಗಿಳೀತೀಯಾ?”

“ಸುಮ್ನೆ ಹೇಳು.”

“ಬಚ್ಚಿಡೋಕೇನೈತೆ? ಇಂಗೆ.” ಅವರೆಕಾಳು ಸಿಪ್ಪೆಯಿಂದ ಪುಳಕ್ಕನೆ ಹಾರಿ ಪಾತ್ರೆಗೆ ಬಿತ್ತು. “ಕಣ್ ಮುಚ್ಚಿ ತೆಗೆಯೋದ್ರೊಳ್ಗೆ ಚೀಲಕ್ಕೋಯ್ತದೆ. ಬಿಡೋಕೇ ಒತ್ತಾಗೋದು.”

“ಏನ್ ಬಿಡೋಕೆ?”

“ಮೊಟ್ಟೆ ಮೀನ. ಒಟ್ಟೆ ತುಂಬ ಮೊಟ್ಟೆ ಇರೋದು ಬಲೆಗೆ ಬಂದ್ರೆ ಬಿಡ್ತಿದ್ದೆ. ಎರಡು ಕೈನಾಗೆ ಇಡ್ಕಂಡು, ನೀರಾಗೆ ಮುಳುಗ್ಸಿ, ಅದು ಉಸ್ರು ತಗಂಡು ಬಾಲ ಆಡ್ಸೋಗಂಟ ಕಾಯ್ಬೇಕು. ಸುಮ್ಕೆ ಎಸುದ್ರೆ ಮಕಾಡೆ ತೇಲಿ ಸತ್ತೋಯ್ತದೆ. ಕಾಂಟ್ರಾಕ್ಟರ್ ಕಡೆಯೋನ್ ಕಣ್ಣಿಗೆ ಬಿದ್ರೆ ಬಿಡ್ತಿದ್ನಾ? ಮೊಟ್ಟೆ ಮೀನ್ಗೆ ತೂಕ ಜಾಸ್ತಿ. ಅದ್ಕೇ ಅವ್ನಿಗೆ ಬೆನ್ ಕೊಡ್ತಿದ್ದೆ.”

ನನ್ನ ಕೈ ನಿಂತಿತು. “ಮತ್ತೆ ಮನೇಗೆ ಬರ್ತಿದ್ದ ಮೀನು?”

“ಅದು ಕೂಲಿ ಜತೆಗೆ ಅವ್ನೇ ಕೊಡ್ತಿದ್ದ ಚೂರುಪಾರು. ತಕ್ಕಡಿಗೂ ಬರ್ದಂತವು.”

“ಬುರುಡೆ ಬಿಡ್ಬೇಡ ಅಪ್ಪ!” ಎಂದು ಕಿರುಚಿಬಿಟ್ಟೆ. ಪಕ್ಕದ ಮನೆಯವರು ತಿರುಗಿ ನೋಡಿದರು. ಅಪ್ಪ ತಲೆ ಬಗ್ಗಿಸಿ ಕಾಳು ಹಿತುಕುತ್ತ ಹೋದ.

ಸಿಟ್ಟು ಯಾಕೆ ಬಂತೆಂದು ಈಗ ಹೇಳಬಲ್ಲೆ. ಆ ಮಾತು ನಿಜವಾದರೆ ನಾನು ಇಷ್ಟು ವರ್ಷ ಹಿಡಿದುಕೊಂಡಿದ್ದ ಸಮಾಧಾನ ಕೈಬಿಟ್ಟುಹೋಗುತ್ತಿತ್ತು. ಅಪ್ಪ ಕಳ್ಳನಾಗಿರಲೇಬೇಕಿತ್ತು ನನಗೆ. ವಯಸ್ಸಾದ ಮೇಲೆ ಎಲ್ಲರೂ ಹೀಗೇ, ಹಳೆಯದಕ್ಕೆ ಸುಣ್ಣಬಣ್ಣ ಹೊಡೆದುಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಆಫೀಸಿಗೆ ಹೋಗಿ ಆ ಮೂರನೆಯ ತುಣುಕನ್ನು ಮತ್ತೆ ಹಾಕಿದೆ. ಬಾಗಿದ, ಎದೆಗೆ ಒತ್ತಿಕೊಂಡ, ಕಾದ. ಹೌದು, ಕಾದ. ಮೊಣಕೈ ಆಡುವುದು ನಿಂತ ಮೇಲೂ ಅವನು ಸ್ವಲ್ಪ ಹೊತ್ತು ಅಲುಗಾಡದೆ ಬಾಗಿಕೊಂಡೇ ಇದ್ದ. ಸತ್ತ ಹಕ್ಕಿಯನ್ನು ಎಸೆಯುವವನಿಗೆ ಅಷ್ಟು ಹೊತ್ತು ಯಾಕೆ? ಇದು ನನ್ನ ಕಣ್ಣಿಗೆ ಬಿತ್ತು. ಬೀಳಲಿಲ್ಲ ಎಂದು ಹೇಳುವಂತಿಲ್ಲ. ಬಿದ್ದೂ ತುಣುಕನ್ನು ಮುಚ್ಚಿ ‘ಬೇಕೆಂದೇ’ ಚೌಕದಲ್ಲಿ ಟಿಕ್ ಹಾಕಿ ಕಳಿಸಿದೆ. ಪಕ್ಕದವಳು ನೋಡಿದಳು, ಅವತ್ತು ಊಟಕ್ಕೆ ಬೇರೆಯವರ ಜೊತೆ ಹೋದಳು.

ಒಂದು ತಿಂಗಳಾದ ಮೇಲೆ ನಮ್ಮ ಟೀಮ್ ಲೀಡ್ ನನ್ನನ್ನು ಕರೆದ. ನನಗಿಂತ ಚಿಕ್ಕವನು, ಇದೇ ಕಡೆಯ ಒಕ್ಕಲುಮಕ್ಕಳ ಮನೆಯವನು. ಈ ಕಟ್ಟಡ ನಿಂತ ಜಾಗದಲ್ಲಿ ಅವನ ತಾತ ರಾಗಿ ಬೆಳೆಯುತ್ತಿದ್ದರಂತೆ.

“ಮೇಡಂ, ನಿಮ್ ಮೂರು ಟಿಕ್‌ಗೆ ಹೊರಗಡೆ ಕ್ಯಾಮರಾದ ವಿಡಿಯೊ ಬಂದಿದೆ. ನೋಡ್ಬಿಡಿ.”

ಸಮುದ್ರದ ಕಡೆಯಿಂದ ತೆಗೆದ ಚಿತ್ರ. ಮೊದಲ ಸಲ ಆ ಮನುಷ್ಯನ ಮುಖ ಕಂಡಿತು. ವಯಸ್ಸಾದ ಮುಖ, ಗಡ್ಡದಲ್ಲಿ ಉಪ್ಪು. ಅವನ ಎದೆಯ ಮೇಲೆ ಹಕ್ಕಿ ಇರಲಿಲ್ಲ. ಮೊರದಷ್ಟು ಅಗಲದ, ಚಪ್ಪಟೆಯ ತೊರಕೆ ಮೀನಿತ್ತು, ಜೀವಂತ. ತೊರಕೆ ಇವರಿಗೆ ಬೇಡದ ಮೀನು, ನೀರಿಗೆ ವಾಪಸ್ ಬಿಡಬೇಕು. ಬಿಡುವುದಕ್ಕೆ ನಿಯಮ ಒಪ್ಪುವ ಸುಲಭದ ದಾರಿ ಎಂದರೆ ಬಾಯಿಯ ಹತ್ತಿರ ಕೊಕ್ಕೆಯ ದಾರ ಕತ್ತರಿಸುವುದು. ಹಗ್ಗ ನಿಲ್ಲಿಸಬೇಕಿಲ್ಲ. ಕೊಕ್ಕೆ ಮೀನಿನ ಬಾಯಲ್ಲೇ ಉಳಿಯುತ್ತದೆ, ಮೀನು ಬದುಕಿದರೆ ಅದರ ಪುಣ್ಯ. ಇವನು ಹಾಗೆ ಮಾಡಿರಲಿಲ್ಲ. ಎದೆಗೆ ಒತ್ತಿ ಹಿಡಿದು, ಬಗ್ಗಿದ ಕಂಬಿಯಿಂದ ಕೊಕ್ಕೆಯನ್ನು ತಿರುಗಿಸಿ ತಿರುಗಿಸಿ ಬಿಡಿಸಿದ. ಆಮೇಲೆ ಕಂಡಿಯ ಅಂಚಿನವರೆಗೆ ಅಲೆ ಏರುವುದನ್ನು ಕಾದ. ಅಲೆ ಬಂತು. ಅದರ ಮೇಲೆ ಎರಡು ಕೈಯಿಂದ ಮೆಲ್ಲಗೆ ಇಳಿಬಿಟ್ಟ. ತೊರಕೆ ಅಂಚುಗಳನ್ನು ಬಡಿಯುತ್ತ ಒಳಗೆ ಹೋಯಿತು. ಮೂರು ತುಣುಕಿನಲ್ಲೂ ಅಷ್ಟೇ.

ಅಯ್ಯೋ ಶಿವನೇ, ಎಂದದ್ದು ಬಾಯಿಂದ ಹೊರಗೆ ಬಂತೋ ಇಲ್ಲವೋ.

“ಇದನ್ನ ಯಾಕ್ ಬಚ್ಚಿಟ್ಟ ಸರ್? ಓರೆಯಾಗಿ ನಿಂತು ಮಾಡಿದ್ರೆ ನಾನೇ ನೋಡ್ತಿದ್ನಲ್ಲ?”

“ನಮ್ಮಿಂದ ಅಲ್ಲ ಮೇಡಂ ಬಚ್ಚಿಟ್ಟಿದ್ದು. ನಮ್ ಕ್ಯಾಮರಾ ಮೇಲೆ ಏನಿದೆ ಹೇಳಿ? ಕ್ಯಾಪ್ಟನ್ ಕಿಟಕಿ. ಹಗ್ಗ ನಿಲ್ಲಿಸ್ತಾನೆ, ಟೈಮ್ ವೇಸ್ಟ್ ಮಾಡ್ತಾನೆ ಅಂತ ಅವ್ನಿಗೆ ಮುಂಚೆನೇ ಎರಡ್ ಸಲ ವಾರ್ನಿಂಗ್ ಕೊಟ್ಟಿದ್ರಂತೆ. ನಮ್ಮ ಮೂರ್ನೇ ಟಿಕ್ ಹೋಯ್ತು ನೋಡಿ, ಅವ್ರಿಗೂ ಅದೇ ಬೇಕಿತ್ತು. ಇಳಿಸ್ಬಿಟ್ರು.”

“ವಾಪಸ್ ಕರೆಸ್ತಾರಾ?”

“ಹಡಗು ಹೊರಟೇ ಹೋಯ್ತು ಮೇಡಂ. ನಿಮ್ದು ತಪ್ಪಾಯ್ತು ಅಂತ ಒಂದ್ ನೋಟ್ ಬರೀರಿ, ಕಳಿಸ್ತೀನಿ. ಬೇರೆ ಹಡಗಿನವ್ರು ಅದನ್ನ ನೋಡಿ ತಗೊಂಡ್ರೂ ತಗೋಬಹುದು.”

ತಗೊಳ್ಳದೆಯೂ ಇರಬಹುದು. ಅದನ್ನು ಅವನು ಹೇಳಲಿಲ್ಲ. ನೋಟ್ ಬರೆದೆ. ನನ್ನದೇ ತಪ್ಪು, ಕಾದದ್ದು ಕಂಡೂ ಟಿಕ್ ಹಾಕಿದೆ ಎಂದು ಇದ್ದದ್ದು ಇದ್ದ ಹಾಗೆ ಬರೆದೆ. ಟೀಮ್ ಲೀಡ್ ಓದಿ, “ಇಷ್ಟೆಲ್ಲ ಬೇಕಾ ಮೇಡಂ?” ಎಂದ. ಬೇಕು ಎಂದೆ.

ಅವತ್ತು ಸಂಜೆ ಅಪ್ಪ ಅದೇ ಹಳೆಯ ಕೆರೆಯ ಏರಿಯ ಮೇಲಿದ್ದ. ಈಗ ಅಲ್ಲಿ ಬೇಲಿ, ವಾಕಿಂಗ್ ಪಾತ್, ಕಲ್ಲಿನ ಬೆಂಚು. ಹೊಂಗೆ ಮರ ಇದ್ದ ಜಾಗದಲ್ಲಿ ವ್ಯಾಯಾಮದ ಕಬ್ಬಿಣದ ಯಂತ್ರ. ಬೆಂಚಿನ ಮೇಲೆ ಅವನ ಪಕ್ಕ ಕೂತೆ.

“ಅಪ್ಪ, ಅವತ್ತು ಕಾಂಟ್ರಾಕ್ಟರ್ ಕಡೆಯೋನ್ಗೆ ಹೇಳಿದ್ದು ನಾನು. ನೀನು ಮೀನ್ ಬಚ್ಚಿಡ್ತೀಯಾ ಅಂತ.”

“ಗೊತ್ತು ಕಣವ್ವ.”

“ಯಾರ್ ಹೇಳಿದ್ರು?”

“ಅವ್ನೇ ಏಳ್ದ. ನಿನ್ ಮಗ್ಳೇ ಸಾಕ್ಷಿ ಅಂದ.”

ಇಷ್ಟು ವರ್ಷ! ಮೂಟೆ ಹೊತ್ತ ಒಂದೊಂದು ದಿನವೂ ಇವನಿಗೆ ಗೊತ್ತಿತ್ತು. ನನಗೆ ಅಳು ಬಂತು, ನಾಚಿಕೆಯೂ ಆಯಿತು, ಸಿಟ್ಟೂ ಬಂತು. “ಮತ್ತೆ ಒಂದ್ ಮಾತೂ ಯಾಕ್ ಬೈಲಿಲ್ಲ?”

“ನೀನ್ ಕಂಡಿದ್ದ ಏಳ್ದೆ. ಬೈಯೋದೇನು?” ಅಪ್ಪ ಭುಜ ತಿಕ್ಕಿಕೊಂಡ. “ಅವ್ನ್ ಪಕ್ಕ ಕೂತ್ರೆ ನನ್ ಬೆನ್ನೇ ತಾನೆ ಮಗಾ ಕಾಣೋದು.”

ವಾಕಿಂಗಿನವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಕತ್ತಲಾಗುವ ಮುಂಚೆ ಇಬ್ಬರೂ ಮನೆಗೆ ಬಂದೆವು.

ಮುಂದಿನ ಪ್ರಯಾಣದ ವಿಡಿಯೊ ಬಂದಾಗ ಕಂಡಿಯಲ್ಲಿ ಹೊಸಬನೊಬ್ಬ ನಿಂತಿದ್ದ, ನೀಲಿ ಕೋಟು. ನಿಯಮದಲ್ಲಿ ಹೇಳಿದ ಹಾಗೆ ಓರೆಯಾಗಿ ನಿಲ್ಲುತ್ತಾನೆ. ಒಂದು ಸಲವೂ ಬೆನ್ನು ತಿರುಗಿಸುವುದಿಲ್ಲ, ಒಂದು ಸಲವೂ ಹಗ್ಗ ನಿಲ್ಲಿಸುವುದಿಲ್ಲ. ತೊರಕೆ ಬಂದರೆ ದಾರ ಕತ್ತರಿಸುತ್ತಾನೆ, ಕೊಕ್ಕೆ ಬಾಯಲ್ಲೇ ಇಟ್ಟುಕೊಂಡು ಅದು ಮಗುಚಿ ಬೀಳುತ್ತದೆ. ನಿಯಮದ ಪ್ರಕಾರ ತಪ್ಪಿಲ್ಲ. ನಾನು ಹಾಕಬಹುದಾದ ಟಿಕ್ ಒಂದೇ, ಎಲ್ಲ ಸರಿಯಾಗಿ ಕಾಣುತ್ತಿದೆ ಎಂಬ ಟಿಕ್. ದಿನಾ ಹಾಕುತ್ತೇನೆ.

ಗಾಜು ಒರೆಸುವವರು ಈಗ ಯಾರೂ ಇಲ್ಲ. ಉಪ್ಪಿನ ಕಲೆ ದಿನದಿನಕ್ಕೆ ದಪ್ಪವಾಗುತ್ತಿದೆ. ಮೊನ್ನೆ ನನಗೇ ಗೊತ್ತಿಲ್ಲದ ಹಾಗೆ ಸೆರಗಿನ ತುದಿಯಿಂದ ನನ್ನ ಪರದೆಯನ್ನು ಒರೆಸುತ್ತ ಕೂತಿದ್ದೆ. ಪಕ್ಕದವಳು ನೋಡಿ, “ಅಕ್ಕಾ, ಅದು ಆ ಕಡೆ ಇರೋ ಕಲೆ,” ಎಂದಳು.